ತಂಗೆವ್ವಕ್ಕನ ಪದಗಳು

ತಂಗೆವ್ವಕ್ಕನಿಗೆ ದಾನಮ್ಮನ ಶರಣು.

ಮೂರಕ್ಕೆ ನೀನು ಕೆಲಸದಿಂದ ಬರುವಷ್ಟರಲ್ಲಿ ಈ ಕಾಗದ ನಿನ್ನ ಮಗಳು ಭಾಗ್ಯಜ್ಯೋತಿಯ ಕೈಯಲ್ಲಿರುತ್ತದೆ. ನನ್ನನ್ನು ಚಿಕ್ಕಮ್ಮನೆಂದೇ ಬಗೆದು 'ಚಿಗವ್ವಾ' ಎಂದು ಕರೆಯುವ ಹುಡುಗಿಯೇ ಇದನ್ನು ನಿನಗೆ ಓದಿ ಹೇಳಬೇಕು. ನಾಚಿಕೆಯಾಗುತ್ತದೆ. ಆದರೂ ಓದಲಿ.

ವಿದೇಶದ ಸಂಸ್ಥೆಯೊಂದು ಭಕ್ತಿಯಿಂದ ಹುಟ್ಟಿದ ಕಲೆಗೆ ಕೊಡುವ ಪ್ರಶಸ್ತಿಯ ಕೊನೆಯ ಸುತ್ತಿಗೆ ನನ್ನ ಹೆಸರು ಬಂದಾಗ, ಅರೆಕೆರೆಯ ನಮ್ಮ ಭಜನಾ ಮಂಡಳಿಯವರು ಶಾಲು ಹೊದಿಸಿದರು. ನೀನೂ ಚಪ್ಪಾಳೆ ತಟ್ಟಿದೆ. ಅರ್ಜಿಯಲ್ಲಿ ಏನಿತ್ತೆಂದು ನಿನಗೆ ಗೊತ್ತಿರಲಿಲ್ಲ. ನಾನು ಹಾಡಿ ಕಳಿಸಿದ ಹಾಡುಗಳನ್ನು ಕಟ್ಟಿದವರು ಯಾರು ಎಂದು ಕೇಳಿದ್ದರು. 'ನಾನೇ' ಎಂದು ಬರೆದಿದ್ದೆ.

ಬಿಟಿಎಂ ಬಡಾವಣೆಯ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾ ಶಿವನ ಮೇಲೆ ನೀನು ಕಟ್ಟಿದ ಹದಿನಾಲ್ಕು ಪದಗಳು ಅವು. ಒಂದೊಂದು ಕಲಿಸಿದಾಗಲೂ ನಿಮ್ಮೂರಿನ ರೂಢಿಯಂತೆ ನನ್ನ ಹಣೆಗೆ ವಿಭೂತಿ ಹಚ್ಚಿ, "ತಗೋ ದಾನವ್ವಾ, ಇನ್ನ ಮ್ಯಾಲ ಈ ಪದ ನಿಂದು" ಎನ್ನುತ್ತಿದ್ದೆ. ಆ ಮಾತನ್ನೇ ಹಿಡಿದುಕೊಂಡು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಡಿಕೊಂಡಿರು ಎಂದು ನೀನು ಕೊಟ್ಟೆ, ನಾನು ಹಕ್ಕುಪತ್ರ ಮಾಡಿಕೊಂಡೆ.

ಇವತ್ತು ಬೆಳಿಗ್ಗೆ ಸಂಸ್ಥೆಯ ರಾಮಪ್ರಸಾದ ಫೋನ್ ಮಾಡಿದರು. "ಮೇಡಂ, ತೀರ್ಪುಗಾರರು ನಾಲ್ಕು ಗಂಟೆಗೆ ಭಜನೆ ಮನೆಗೇ ಬರ್ತಾರೆ. ನೀವು ಅಲ್ಲೇ ಕೂತು ಹೊಸದೊಂದು ಕಟ್ಟಿ ಹಾಡ್ಬೇಕು, ಅಷ್ಟೇ. ನಿಮಗೇನ್ ಬಿಡಿ, ನೀರು ಕುಡಿದಷ್ಟು ಸುಲಭ!"

ಆಫೀಸಿಗೆ ರಜೆ ಹಾಕಿ ಮೂರು ಗಂಟೆ ತಿಣುಕಿದೆ. ಒಂದು ಸಾಲೂ ಹುಟ್ಟಲಿಲ್ಲ. ನೀನು ನೆನಪಾದದ್ದು ಆಮೇಲೆಯೇ. ಭಯಕ್ಕೆ ನೆನಪಾದೆ ಅಕ್ಕಾ, ಪ್ರೀತಿಗಲ್ಲ. ಅದನ್ನೂ ಮುಚ್ಚಿಡುವುದಿಲ್ಲ.

ಕಡೆಗೆ ರಾಮಪ್ರಸಾದರಿಗೆ ಎಲ್ಲ ಹೇಳಿಬಿಟ್ಟೆ. "ನಿಮ್ಮ ಅರ್ಜಿ ಹೋಯ್ತು ಮೇಡಂ. ಆ ಅಮ್ಮ ಬಂದು ಹಾಡಿದ್ರೆ ಅವರ ಹೆಸರಿಗೆ ಕೊಡೋಕಾಗುತ್ತಾ ಅಂತ ತೀರ್ಪುಗಾರರನ್ನ ಕೇಳಿ ನೋಡ್ತೀನಿ" ಎಂದರು.

ಫೋನಿನಲ್ಲಿ ಹೇಳಿದರೆ ನೀನು "ಹೋಗ್ಲಿ ಬಿಡವ್ವಾ" ಎಂದುಬಿಡುತ್ತೀ. ಅದಕ್ಕೇ ಕಾಗದ. ದಯವಿಟ್ಟು ಬಿಡಬೇಡ. ನನ್ನ ಮೇಲೆ ಸಿಟ್ಟು ಮಾಡಿಕೋ, ಸಿಟ್ಟಿನಲ್ಲೇ ಆಟೋ ಹತ್ತಿ ಭಜನೆ ಮನೆಗೆ ಬಾ.

ನೀನು ಬಂದರೂ ಬರದಿದ್ದರೂ ನಾಲ್ಕಕ್ಕೆ ಮಂಡಳಿಯವರೆದುರು ಎದ್ದು ನಿಂತು ನಾನು ಮಾಡಿದ್ದನ್ನು ಹೇಳುತ್ತೇನೆ. ಆಮೇಲೆ ನಿನ್ನ ಹಿಂದೆ ತಾಳ ಹಿಡಿದು ಕೂರಬೇಕೋ, ಚಪ್ಪಲಿ ಮೆಟ್ಟಿಕೊಂಡು ಹೊರಡಬೇಕೋ, ಅದನ್ನು ನೀನೇ ಹೇಳು.

ಶಿವ ನಿನ್ನ ದನಿಯನ್ನು ಕಾಯಲಿ.

ನಿನ್ನ ತಪ್ಪಿತಸ್ಥೆ,
ದಾನಮ್ಮ