ಬೋರಲು ಹಾಕಿದ ನೀಲಿ ಬಟ್ಟಲು

ಜೇವರ್ಗಿ ಕಾಲೋನಿ, ಕಲಬುರಗಿ
೧೧ ನವೆಂಬರ್ ೨೦೨೪

ನನ್ನ ಹಾಜಿರಾ,

ಕಮಲಾಪುರದಾಗ ನೀವೆಲ್ಲಾ ಆರಾಮ ಇದ್ದೀರಂತ ತಿಳೀತೀನಿ. ನಾವೂ ಇಲ್ಲಿ ಇದ್ದೀವಿ. ಆರಾಮ ಅಂತ ಬರೀಲಿಕ್ಕೆ ಮಾತ್ರ ಕೈ ಏಳವಲ್ದು. ತಿಂಗಳಾತು ನಿನಗ ಉತ್ರ ಕೊಟ್ಟಿಲ್ಲ, ಬೈಯೂದಿದ್ರ ಬೈಕೋ, ಹಕ್ಕದ ನಿಂದು. ಏನ್ ಮಾಡ್ಲಿ, ಫೋನ್ ಕೆಟ್ಟದ. ನೀ ಮಾತಾಡಿದ್ರ ಕೊಡದೊಳಗ ಕೂತು ಮಾತಾಡಿದಂಗ ಬರ್ತದ. ಹೊಸಾದು ತಂದು ಕೊಡೋ ಅಂದ್ರ ಧೀರೇಂದ್ರ "ಫೋನಿಗೇನಾಗೇದ ಆಯಿ?" ಅಂತ ನನಗೇ ತಿರುಗಿ ಕೇಳ್ತಾನ. ನನ್ನ ಮಗ ಈಗೀಗ ಗುಣುಗುಣು ಅಂತಾನ, ಏನಂದಿ ಅಂದ್ರ ಚೀರ್ತಾನ. ಹಿಂಗಾಗಿ ಕಾಗದ ಬರ್ಲಿಕತ್ತೀನಿ. ಇಬ್ಬರೂ ಸಾಲಿಯೊಳಗ ಟೀಚರ್ ಇದ್ದಾಗ ಸೂಟಿ ಬಂತಂದ್ರ ಬರೀತಿದ್ದೆವಲ್ಲ, ಹಂಗ ತಿಳ್ಕೋ.

ನಿನ್ನ ಸಿಟ್ಟು ಎದಕ್ಕಂತ ನನಗ ಗೊತ್ತದ. ಹೋದ ತಿಂಗಳು ಹಳೇ ಗಾಜು ಕೂಡಿಸೂ ನಮ್ಮ ಗಾಜಿನ ಮಂಡಳಿ ಬೈಠಕ್ ನಿಮ್ಮ ಮನ್ಯಾಗಿತ್ತು. ನಿಮ್ಮ ಅಮ್ಮೀದು ಆ ನೀಲಿ ಶರಬತ್ತಿನ ಬಟ್ಟಲು ನೀ ಎಷ್ಟು ಹೌಸಿಲೆ ನಡುವ ತಂದಿಟ್ಟಿ. ಅದರಾಗೇ ನೀ ನಿಕಾಹದಾಗ ಶರಬತ್ತು ಕುಡಿದಿದ್ದಿ, ಅದರಾಗೇ ಮಗಳು ಮೆಹರೀನ್ ತನ್ನ ನಿಕಾಹದಾಗ ಕುಡೀಬೇಕಂತ ನಿನ್ನ ಆಸೆ. ಎಲ್ಲಾರೂ ಕಣ್ಣು ಮುಚ್ಚಿದ್ರು. ನಾನು ಅಂಚಿಗೆ ಉಗುರಿಲೆ ಟಣ್ ಅಂತ ಬಡದೆ. ಬಡದು, ದನಿ ಸಾಯೂತನಾ ಯಾರೂ ಉಸುರು ಬಿಡಬಾರದು, ಆಮ್ಯಾಲೆ ನಾನು, ಇಂದೂಬಾಯಿ, ಹೇಳಬೇಕು, ಜೀವ ಅದನೋ ಮೂಕ ಅದನೋ. ಈ ರಿವಾಜು ಹಾಕಿದವ್ರು ನಾವಿಬ್ಬರೇ. ನಾ ಮೂಕ ಅಂದೆ. ಒಳಗ ಎಲ್ಲೋ ಕಣ್ಣಿಗೆ ಕಾಣದ ಬಿರುಕು ಬಿಟ್ಟದ ಅಂದೆ. ಮೂಕ ಗಾಜು ಬೋರಲು ಹಾಕೂದು ನಮ್ಮ ಪದ್ಧತಿ, ಹಾಕಿದೆ. ಮೆಹರೀನ್ ಎದ್ದು ಒಳಗ ಹ್ವಾದಳು. ನೀ ಚಹಾ ಕೊಡೂ ಮುಂದ ನನ್ನ ಮಾರಿ ನೋಡ್ಲಿಲ್ಲ.

ಆದ್ರ ಕೇಳು. ನಿಂದೊಂದೇ ಅಲ್ಲ.

ಅದರ ಹಿಂದಿನ ಬೈಠಕ್ ಕೋಟನೂರದಾಗ, ಮಾಣಿಕಪ್ಪನವರ ಮನ್ಯಾಗ. ಅವರು ಬ್ಯಾಂಕಿನಿಂದ ರಿಟೈರ್ ಆದಾಗಿಂದ ಕೂಡಿಸಿದ್ದು ಹೂವಿನ ಕೆತ್ತನೆ ಗ್ಲಾಸು, ಆರಕ್ಕ ಆರೂ ಮೂಕ. ಮೊನ್ನೆ ದಿಲ್ಶಾದ್ ಬೇಗಂ ಅವರ ಮನ್ಯಾಗ ಕೆಂಪು ಅತ್ತರದಾನಿ, ಮೂಕ. ದಿಲ್ಶಾದ್ ಬೇಗಂ ಸಣ್ಣ ದನೀಲೆ "ನನಗ ಕೇಳಸ್ತಲ್ಲರೀ ಇಂದೂಬಾಯಿ" ಅಂದ್ರು. ನಾ ಗದರಿಸಿಬಿಟ್ಟೆ, ಕೇಳೂ ಕಿವಿ ಬ್ಯಾರೆ ಇರ್ತದರೀ ಅಂತ. ಮಾಣಿಕಪ್ಪನವರು ಕೆಳಗ ನೋಡ್ಕೊಂತ ಕೂತ್ರು. ಈಗ ಮಂದಿ ಬೈಠಕ್ಕಿಗೆ ಏನೂ ತರವಲ್ರು. ಬರೇ ಉಪ್ಪಿಟ್ಟು ತಿಂದು ಎದ್ದು ಹೋಗ್ತಾರ.

ನಿನ್ನೆ ನನ್ನ ಕಪಾಟು ತಗದೆ. ನಮ್ಮ ಅತ್ತಿಯವರ ಹೈದ್ರಾಬಾದಿ ಹೂದಾನಿ ಬಡದೆ. ಕಟ್ಟಿಗಿ ಬಡಿದಂಗಾತು. ಹಸಿರು ತಟ್ಟಿ, ಬಿಳೀ ಜಗ್ಗು, ನೀ ನನ್ನ ಅರವತ್ತಕ್ಕ ಕೊಟ್ಟ ಪ್ಯಾಲಿ, ಒಂದೊಂದಾಗಿ ಎಲ್ಲಾ ಬಡದೆ. ಕಪಾಟು ಪೂರಾ ಬೋರಲು ಬಿದ್ದದ ಹಾಜಿರಾ. ನೆಲದ ಮ್ಯಾಲೆ ಕೂತು ಅತ್ತುಬಿಟ್ಟೆ.

ನಜರು ತಾಕ್ತದ ಅಂತ ನಾ ನಂಬಾಕಿ ಅಲ್ಲ, ನಿನಗ ಗೊತ್ತದ. ನನಗ ಹೆದರಿಕಿ ನೆಲದ್ದು. ಲಾತೂರ ಕಡೆ ಭೂಮಿ ನಡುಗಿದ ವರ್ಷ ನಮ್ಮ ಕಪಾಟು ಹೆಂಗ ಗಲಗಲ ಅಂದಿತ್ತು, ಮರತೀಯೇನು? ಈಗ ಒಳಗಿಂದೊಳಗ ನಮಗ ತಿಳೀದಂಗ ನಡಗ್ಲಿಕತ್ತದ, ಗಾಜಿಗೆ ಮೊದಲು ತಿಳಿದದ ಅಂತ ನನ್ನ ಲೆಕ್ಕ. ಗುಬ್ಬೀನೂ ಸುಮ್ಮಗಾಗ್ಯಾವ. ಮುಂಜಾನೆ ಅಂಗಳದಾಗ ಕೂತಿರ್ತಾವ, ಬಾಯಿ ತಗೀತಾವ, ಚಿಂವ್ ಅನ್ನೂದಿಲ್ಲ. ನಿಮ್ಮದು ಹಳೇ ಕಲ್ಲಿನ ಮನಿ. ಕೈ ಮುಗೀತೀನಿ, ನಿಕಾಹ ಆ ಮನ್ಯಾಗ ಇಟ್ಕೋಬ್ಯಾಡ, ಫಂಕ್ಷನ್ ಹಾಲ್ ಹಿಡಿ. ಆ ಬಟ್ಟಲಾಗ ಮೆಹರೀನ್‌ಗ ಶರಬತ್ತು ಕೊಡಬ್ಯಾಡ, ತುಟೀಗೆ ಹಚ್ಚಿದಾಗ ಸೀಳಿದ್ರ ಏನು ಗತಿ? ನನ್ನ ಕಿವಿ ಇಷ್ಟು ವರ್ಷದಾಗ ಒಮ್ಮೆನೂ ತಪ್ಪಿಲ್ಲ.

ನಾ ಅಂತೂ ಬರಾಕಿ. ಅಕಿ ಸಣ್ಣಾಕಿದ್ದಾಗ "ಇಂದೂ ಖಾಲಾ, ನಾ ನಿಕಾಹಕ್ಕ ಒಪ್ಪಿ ಕಬೂಲ್ ಅನ್ನೂ ಮುಂದ ನೀ ಪರದೇ ಹಿಂದ ನನ್ನ ಬಾಜೂಕೇ ಇರಬೇಕು" ಅಂತ ಆಣಿ ಹಾಕಿಸಿಕೊಂಡಾಳ. ಆ ಮಾತು ಕೇಳೂತನಾ ನನಗ ಏನೂ ಆಗೂದಿಲ್ಲ. ಮೆಹರೀನ್‌ಗ ನನ್ನ ಆಶೀರ್ವಾದ. ರಾಯರು, ನಿಮ್ಮ ಅಲ್ಲಾ, ಇಬ್ಬರೂ ಕೂಡಿ ಆ ಕೂಸಿನ ಕಾಯ್ಲಿ.

ನಿನ್ನ
ಇಂದೂ

ತಾ.ಕ. — ೧೪ ನವೆಂಬರ್

ಕಾಗದ ಮೇಜಿನ ಮ್ಯಾಲೇ ಉಳೀತು. ಮಂಗಳವಾರ ಕುಕ್ಕರ್ ಇಟ್ಟು ಬಾಜೂಕೇ ನಿಂತಿದ್ದೆ, ಸೀಟಿ ಹೊಡೀವಲ್ದು ಅಂತ ಕಾಯ್ಕೊಂತ. ಧೀರೇಂದ್ರ ಓಡಿ ಬಂದು ಒಲಿ ಆರಿಸಿದ. ಬ್ಯಾಳಿ ಹೊತ್ತಿ ಕರ್ರಗಾಗಿತ್ತು. ಅವತ್ತೇ ಕಿವಿ ಡಾಕ್ಟರ್ ಕಡೆ ಕರಕೊಂಡು ಹ್ವಾದ.

ಗಾಜಿನ ಖೋಲಿಯೊಳಗ ಕೂಡಿಸಿ, ಕಿವಿಗೆ ಹೆಡ್‌ಫೋನ್ ಹಚ್ಚಿ, ಸದ್ದು ಕೇಳಿದ ಕೂಡಲೆ ಬಟನ್ ಒತ್ತರಿ ಅಂದ್ರು. ನಾ ಶುರು ಆಗ್ತದ ಅಂತ ಕಾಯ್ಕೊಂತ ಕೂತೆ. ಬಾಗಲಾ ತಗದ್ರು, ಮುಗೀತು ಅಂದ್ರು.

ಎರಡೂ ಕಿವಿ. ಸಣ್ಣ, ಚೂಪು ದನಿ ಮೊದಲು ಹೋಗ್ತಾವಂತ. ಹಿಂದಿಂದ ಮನಿಷ್ಯಾರ ದನಿ. ನಂದು ಭಾಳ ಲಗೂ ಹೊಂಟದ, ತಡೀಲಿಕ್ಕೆ ಔಷಧ ಇಲ್ಲ, ಮಿಷನ್ ಹಚ್ಚಿದ್ರೂ ಎಷ್ಟು ದಿನಾ ಅಂತ ಹೇಳ್ಲಿಕ್ಕೆ ಬರೂದಿಲ್ಲ ಅಂದ್ರಂತ. ಇದೆಲ್ಲಾ ಧೀರೇಂದ್ರ ಚೀಟಿಯೊಳಗ ಬರೆದು ತೋರಿಸಿದ.

ಮನೀಗೆ ಬಂದು ಅವ ಕಪಾಟಿನಾಗಿನ ಒಂದೊಂದೇ ಗಾಜು ಎತ್ತಿ ನೆಟ್ಟಗ ಇಟ್ಟು ಬಡದ. ಬಡದು ಬಡದು ನನ್ನ ಮಾರಿ ನೋಡ್ತಿದ್ದ. ನೀ ಕೊಟ್ಟ ಪ್ಯಾಲಿ ಮ್ಯಾಲೆ ನನ್ನ ಬೆರಳು ಹಿಡಿದಿಟ್ಟ. ಅದು ನಡಗ್ಲಿಕತ್ತಿತ್ತು, ಎಷ್ಟೋ ಹೊತ್ತು.

ನಿಮಗೆಲ್ಲಾರಿಗೂ ಕೇಳಿಸಿತ್ತು, ಅಲ್ಲೇನು? ಮಾಣಿಕಪ್ಪನವರಿಗೆ, ದಿಲ್ಶಾದ್ ಬೇಗಂ ಅವರಿಗೆ, ನಿನಗ, ಆ ಮೆಹರೀನ್‌ಗೂ. ನಾ ಬೈತೀನಂತ ಸುಮ್ಮ ಕೂತ್ರಿ.

ಮ್ಯಾಲೆ ಬರೆದದ್ದು ಹರೀಬೇಕಂದೆ, ಎರಡನೇ ಸಲ ಬರಿಯೂ ಶಕ್ತಿ ಇಲ್ಲ. ನಿಕಾಹ ಆ ಮನ್ಯಾಗೇ ಮಾಡು. ಅಮ್ಮೀ ಬಟ್ಟಲು ನೆಟ್ಟಗ ಇಡು, ಅದರಾಗೇ ಕುಡಿಸು, ಅದು ಮೂಕ ಇಲ್ಲ. ಜನವರಿ ಅಂದಿದ್ದಿ ನೀನು, ಅಷ್ಟರಾಗ ನನಗೇನು ಉಳಿದಿರ್ತದೋ ಗೊತ್ತಿಲ್ಲ. ಪರದೇ ಹಿಂದ ಅಕಿ ಬಾಜೂಕೇ ನನ್ನ ಕೂಡಿಸು. ಕೈ ಹಿಡ್ಕೊಂಡಿರ್ತೀನಿ. ಕಬೂಲ್ ಅನ್ನೂ ಮುಂದ ಕೈ ಗಟ್ಟಿ ಒತ್ತು ಅಂತ ಅಕಿಗೆ ಹೇಳು.

ಇದನ್ನ ಓದಿ ಫೋನ್ ಮಾಡಬ್ಯಾಡ. ಬಸ್ ಹಿಡಿದು ಬಾ.