ನನ್ನ ತಾಯಿ ಕುಡಿಯದ ಕಾಫಿಯನ್ನು ಕುಡಿದವರಿಗೆ

ನಮ್ಮ ಬಂದರಿನೆದುರು ಲಂಗರು ಹಾಕಿ ಕೂತಿರುವ ಮಾನ್ಯ ಬ್ರಿಟಿಷ್ ಅಧಿಕಾರಿಗಳೇ,

ನನ್ನ ತಮ್ಮ ದಲ್ಮೂಕನನ್ನು ನೀವು ಯುದ್ಧನೌಕೆಯ ತಳದಲ್ಲಿ ಕೂಡಿಹಾಕಿ ಇಂದಿಗೆ ಒಂಬತ್ತು ದಿನ. ಶುಕ್ರವಾರ ಅವನನ್ನು ಕಡಲಾಚೆಯ ಜೈಲಿಗೆ ಸಾಗಿಸುತ್ತೀರಂತೆ. ಅವನು ಮಾಡಿದ ಅಪರಾಧ, ಕುಡಿಯುವ ನೀರು ಒಯ್ದದ್ದು. ನಿಮ್ಮ ವಿಮಾನ ಇಳಿಯಲು ಜಾಗ ಕೊಡುವ ಕಾಗದಕ್ಕೆ ಪಕ್ಕದ ಬಂದರಿನ ಶೇಖ್ ಸಹಿ ಹಾಕಲಿಲ್ಲವೆಂದು, ಆ ಊರಿಗೆ ಯಾವ ದೋಣಿಯೂ ಹೋಗದಂತೆ ನೀವು ತಡೆದಿರಿ. ನಮ್ಮ ಅಕ್ಕನನ್ನು ಕೊಟ್ಟಿರುವುದು ಅದೇ ಊರಿಗೆ. ಅಲ್ಲಿಯ ಬಾವಿಗಳೆಲ್ಲ ಉಪ್ಪು. ನನ್ನ ತಮ್ಮ ನಲವತ್ತು ಪೀಪಾಯಿ ಸಿಹಿನೀರು ತುಂಬಿಕೊಂಡು ಹೊರಟ. ಇಷ್ಟು ದೊಡ್ಡ ಸಾಮ್ರಾಜ್ಯ ನೀರಿನ ಪೀಪಾಯಿಗೆ ಹೆದರುತ್ತದೆಂದು, ಪಾಪ, ಅವನಿಗೆ ಹೇಗೆ ಗೊತ್ತಾಗಬೇಕು?

ನಿಮ್ಮ ಗುಮಾಸ್ತನ ಮುಂದೆ ಕೈಮುಗಿದು ನಿಂತೆ. "ನಾವು ನಿಮ್ಮೂರ ಆಡಳಿತದಲ್ಲಿ ತಲೆ ಹಾಕೋದಿಲ್ಲಪ್ಪ. ನಿಮ್ಮ ಶೇಖ್‌ನನ್ನೇ ಕೇಳ್ಕೊ," ಅಂದ. ಎಂಥ ಮರ್ಯಾದಸ್ಥರು ನೀವು! ತಾಯಿಯನ್ನು ಕರೆದುಕೊಂಡು ನಮ್ಮ ಶೇಖ್ ಅಹವಾಲು ಕೇಳುವ ಮಜಲಿಸಿಗೆ ಹೋದರೆ, ಅವರ ಬಲಗಡೆಯ ದಿಂಬಿಗೆ ಒರಗಿ ಕೂತಿದ್ದವರು ತಾವೇ.

ನಮ್ಮಲ್ಲಿ ಬೇಡಲು ಬಂದವರು ಕೊಟ್ಟ ಕಾಫಿಯನ್ನು ಕುಡಿಯದೆ ಕೆಳಗಿಡುತ್ತಾರೆ. ಮನೆಯ ಯಜಮಾನ "ಏನು ಬೇಕು?" ಎಂದು ಕೇಳಿ, ಆಗಲಿ ಎಂದ ಮೇಲೆಯೇ ಕುಡಿಯುವುದು. ಒಬ್ಬ ವಿಧವೆ ಹೀಗೆ ಕೂತಾಗ ಈ ಶೇಖ್‌ರ ತಂದೆ ತಮ್ಮ ಸವಾರಿಯ ಒಂಟೆಯನ್ನೇ ಬಿಟ್ಟುಕೊಟ್ಟಿದ್ದರು. ನನ್ನ ತಾಯಿ ಮೌಜಾ, ಎಪ್ಪತ್ತು ದಾಟಿದವಳು, ಶೇಖ್‌ರ ಮುಂದೆ ಕಾಫಿಯ ಬಟ್ಟಲನ್ನು ಕುಡಿಯದೆ ಕೆಳಗಿಟ್ಟಳು. ಶೇಖ್ ಅವಳನ್ನು ನೋಡಲಿಲ್ಲ, ನಿಮ್ಮ ಮುಖ ನೋಡಿದರು. ನೀವೋ, ಮುದುಕಿಗೆ ಕಾಫಿ ಸೇರಲಿಲ್ಲವೇನೋ ಎಂದುಕೊಂಡು, ನಗುತ್ತಾ ಆ ಬಟ್ಟಲೆತ್ತಿ ಒಂದೇ ಗುಟುಕಿಗೆ ಮುಗಿಸಿಬಿಟ್ಟಿರಿ. "ಏಲಕ್ಕಿ ಚೆನ್ನಾಗಿ ಬಿದ್ದಿದೆ" ಎಂದು ದುಭಾಷಿಯಿಂದ ಹೇಳಿಸಿದಿರಿ.

ನಮ್ಮ ಶೇಖ್‌ಗೆ ಹೋದ ಜೀವ ಬಂದಂತಾಯಿತು. "ನೋಡಮ್ಮ, ದೊರೆಗಳೇ ಕುಡಿದ್ರು. ಇನ್ನೇನು, ಮನೆಗೆ ಹೋಗು," ಎಂದು ನಕ್ಕರು. ಸುತ್ತ ಕೂತ ಗಡ್ಡದವರೂ ನಕ್ಕರು. ನನಗೆ ಹೇಸಿಗೆಯಾಯಿತು. ವರ್ಷಕ್ಕೊಮ್ಮೆ ನೀವು ಹಾರಿಸುವ ಐದು ಕುಶಾಲತೋಪಿನ ಸದ್ದಿಗೆ ಈ ಮನುಷ್ಯ ತನ್ನನ್ನು ಮಾರಿಕೊಂಡಿದ್ದಾನೆ. ನೀವೂ ಕೊಂಡಿದ್ದೀರಿ, ಕೊಂಡು ನಮ್ಮ ಮೇಲೆ ಕೂರಿಸಿದ್ದೀರಿ.

ಹೊರಗೆ ಬಂದ ಮೇಲೆ ನಿಮ್ಮನ್ನು ಬಾಯಿಗೆ ಬಂದಂತೆ ಬೈದೆ. ತಾಯಿ ತಡೆದಳು. "ಅವನ್ನ ಯಾಕೋ ಬೈತೀಯ, ಖಲ್ಫಾನ್? ಆ ಪರದೇಶಿಗೆ ಗೊತ್ತಿರಲಿಲ್ಲ. ಇವನಿಗೆ ಗೊತ್ತಿತ್ತಲ್ಲೋ!"

ಈಗ ನಿಮಗೂ ಗೊತ್ತಾಯಿತು, ಮಾನ್ಯರೇ. ಶುಕ್ರವಾರ ಲಂಗರು ಎತ್ತುವ ಮುಂಚೆ ನನ್ನ ತಮ್ಮನನ್ನು ದಡಕ್ಕಿಳಿಸಿ. ಆಗದಿದ್ದರೆ ಈ ನಾಟಕ ಬಿಟ್ಟು ನೀವೇ ಶೇಖ್ ಗಾದಿಯ ಮೇಲೆ ಕೂತುಕೊಳ್ಳಿ. ಬಾವಿಕಟ್ಟೆಯ ಜಗಳ, ತಲಾಖಿನ ಗೋಳು, ತಪ್ಪಿಸಿಕೊಂಡ ಮೇಕೆ, ಎಲ್ಲವನ್ನೂ ಕೇಳಿ. ನಾಳೆ ಬೆಳಿಗ್ಗೆ ನನ್ನ ತಾಯಿ ಮತ್ತೆ ಬರುತ್ತಾಳೆ. ಮಗನನ್ನು ಯಾರ ಹತ್ತಿರ ಬೇಡಬೇಕು, ಅಷ್ಟನ್ನಾದರೂ ಹೇಳಿಕಳಿಸಿ.

ಇಂತಿ,
ಇಬ್ಬರು ಒಡೆಯರಿದ್ದೂ ದಿಕ್ಕಿಲ್ಲದ ಪ್ರಜೆ,
ಖಲ್ಫಾನ್ ಬಿನ್ ರಹ್ಮಾ, ದೋಣಿ ಕಟ್ಟುವವನು