ಒಂದೇ ತಂತಿಯ ಎರಡು ಮಾತು

ಹ್ಯಾನ್‌ಕಾಕ್, ಮಿಶಿಗನ್
ಫೆಬ್ರವರಿ 12, 1998

ಪ್ರೀತಿಯ ಮಗಳೇ ಐಲಾ,

ಮಗುವಿನ ಕೆಮ್ಮು ಇಳಿಯಿತೇ? ಅಳಿಯ ಡ್ವೇನ್‌ನ ಬೆನ್ನು ಹೇಗಿದೆ? ನನ್ನ ಮಂಡಿ ಹಾಗೇ ಇದೆ, ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಪತ್ರಿಕೆಯ ಕೆಲಸ ಬಿಡಬೇಕಾಗುತ್ತದೆ, ನಿಮ್ಮಲ್ಲಿಗೇ ಬಂದುಬಿಡುತ್ತೇನೆ ಎಂದು ಬರೆದಿದ್ದೆನಲ್ಲ, ಅದರ ಕಥೆ ಕೇಳು.

ನನಗೆ ಮೊದಲು ಹೇಳಿದವಳು ಲೆಕ್ಕ ವಿಭಾಗದ ವರ್ನಾ, ಹೋದ ವಾರ ಸೋಮವಾರ, ಕಾಫಿಯ ಹೊತ್ತಿಗೆ. “ಹಿಲ್ಜಕ್ಕಾ, ಮೇಲಿನವರಿಗೂ ನಮಗೂ ಇನ್ಮೇಲೆ ನೆಟ್‌ವರ್ಕ್ ಬೇರೆ ಬೇರೆಯಂತೆ. ಪೀಡೆ ತೊಲಗ್ತು.” ಪುಟ ಕಟ್ಟುವವರ ಮ್ಯಾಕ್ ಕಂಪ್ಯೂಟರ್‌ಗಳು ಮಹಡಿಯ ಮೇಲಿವೆ, ಲೆಕ್ಕದವರ ಯಂತ್ರಗಳು ಕೆಳಗೆ. ಮ್ಯಾಕ್‌ಗಳದು ಒಂದು ಪ್ರೋಟೊಕಾಲ್, ಅಂದರೆ ಮಾತಾಡುವ ರೀತಿ, ಕೆಳಗಿನವುಗಳದು ಇನ್ನೊಂದು. ತಂತಿ ಮಾತ್ರ ಒಂದೇ. ಮ್ಯಾಕ್‌ಗಳು ದಿನವಿಡೀ ಪ್ರಿಂಟರ್ ಎಲ್ಲಿ, ಯಾರಿದ್ದೀರಿ ಎಂದು ಕೂಗುತ್ತಲೇ ಇರುತ್ತವೆ. ಆ ಗದ್ದಲದಲ್ಲಿ ಲೆಕ್ಕದವರ ಕೆಲಸ ತೆವಳುತ್ತದೆ. ಅದಕ್ಕೇ ಕಂಪ್ಯೂಟರ್ ನೋಡಿಕೊಳ್ಳುವ ರೆಯ್ನೋ ಹೊಸ ಸ್ವಿಚ್ ತಂದಿದ್ದ, ಎಲ್ಲ ಕಂಪ್ಯೂಟರ್‌ಗಳ ತಂತಿ ಬಂದು ಸೇರುವ ಪೆಟ್ಟಿಗೆ. ತಂತಿ ಬದಲಿಸದೆಯೇ ಅದು ಒಂದು ಜಾಲವನ್ನು ಎರಡು ಮಾಡುತ್ತದಂತೆ. ವರ್ಚುವಲ್ ಲ್ಯಾನ್ ಎನ್ನುತ್ತಾನೆ. ಮೇಲಿನ ಕೋಣೆಗೊಂದು, ಕೆಳಗಿನದಕ್ಕೊಂದು.

ನಾನು ಕೂರುವುದು ಕೆಳಗೆ. ಆದರೆ ಜನ ದುಡ್ಡು ಕಟ್ಟಿ ಹಾಕಿಸುವ ಮರಣವಾರ್ತೆಗಳು ಬರುವುದು ಲೆಕ್ಕದವರಿಂದ, ತಿದ್ದಬೇಕಾದ ಪುಟಗಳು ಮೇಲಿನಿಂದ. ಎರಡೂ ನನ್ನ ಮ್ಯಾಕ್‌ಗೇ ಬರಬೇಕು. ಜಾಲ ಬೇರೆಯಾದರೆ ಪ್ರತಿ ಪುಟಕ್ಕೂ ಮಹಡಿ ಹತ್ತಬೇಕು. ಪತ್ರಿಕೆಯ ಯಜಮಾನ ಗಾರ್ಡನ್ ಮೆಲ್ಲಗೆ, “ಕಾಲಿಗೆ ರೆಸ್ಟ್ ಕೊಡೋ ಹೊತ್ತಾಯ್ತೇನೋ, ಹಿಲ್ಜಾ” ಎಂದ. ನಿನಗೆ ಬರೆದದ್ದು ಅವತ್ತೇ.

ನಿನ್ನೆ ರೆಯ್ನೋ ನನ್ನ ಮೇಜಿನ ಮೇಲೇ ಮಾಂಸ, ಆಲೂಗಡ್ಡೆ ತುಂಬಿದ ತನ್ನ ಪ್ಯಾಸ್ಟಿ ಬಿಚ್ಚಿಕೊಂಡು ಊಟಕ್ಕೆ ಕೂತ. ತಡೆಯಲಾಗದೆ ಕೇಳಿದೆ: “ನಮ್ಮಜ್ಜಿ ಅಡುಗೆಮನೇಲಿ ಫಿನ್ನಿಶ್ ಆಡೋಳು, ಅಪ್ಪ ಇಂಗ್ಲಿಷು. ಹಾಗಂತ ಯಾರನ್ನೂ ಬೇರೆ ಕೋಣೆಗೆ ಅಟ್ಟಲಿಲ್ಲ. ನೀನ್ಯಾಕೋ ಕೋಣೆ ನೋಡಿ ಭಾಗ ಮಾಡ್ತೀಯಾ? ಮಾತು ನೋಡಿ ಮಾಡು.” ಅವನು ಅಗಿಯುವುದನ್ನು ನಿಲ್ಲಿಸಿದ. “ಹಾಗೂ ಆಗುತ್ತೆ ಕಣಕ್ಕಾ. ನಾನೇ ಆ ಕಡೆ ಯೋಚಿಸಿರಲಿಲ್ಲ. ಮೊದ್ಲು ತಿನ್ನೋಕಾದ್ರೂ ಬಿಡು.” ನಾನು ಬಿಡಲಿಲ್ಲ.

ಈಗ ಸ್ವಿಚ್ ಪ್ರತಿ ಸಂದೇಶವೂ ಯಾವ ಮಾತಿನದೆಂದು ನೋಡಿ ಆಯಾ ಜಾಲಕ್ಕೆ ಸೇರಿಸುತ್ತದೆ. ನನ್ನ ಮ್ಯಾಕ್ ಎರಡೂ ಆಡುತ್ತದೆ, ಹಾಗಾಗಿ ಎರಡರಲ್ಲೂ ಇದೆ. ಇವತ್ತು ಬೆಳಿಗ್ಗೆ ವರ್ನಾ ಮೇಲಿನವರನ್ನು ಬೈಯಲು ಬಾಯಿ ತೆರೆದು, ತನ್ನ ಯಂತ್ರ ಸರಾಗವಾಗಿ ಓಡುತ್ತಿದ್ದುದರಿಂದ ಕಾರಣ ಸಿಗದೆ, ಹಿಮವನ್ನು ಬೈದಳು. ಗಾರ್ಡನ್ ನನ್ನ ಪರದೆಯಲ್ಲಿ ನಾಳಿನ ಪುಟ ಕಂಡು, ಇನ್ನೆರಡು ಪುಟ ಕಳಿಸುತ್ತೇನೆಂದು ಮಹಡಿ ಹತ್ತಿದ.

ಮಗುವಿಗೆ ಮುತ್ತು. ಡ್ವೇನ್‌ಗೆ ಭಾರ ಎತ್ತಬೇಡ ಎಂದು ಹೇಳು.

ನಿನ್ನ ಅಮ್ಮ,
ಹಿಲ್ಜಾ

ಮರೆತ ಮಾತು: ಅಂಚೆಯವನು ಬಂದೇಬಿಟ್ಟ. ನನ್ನ ಸಾಮಾನು ಸಾಗಿಸಲೆಂದು ಮುಂದಿನ ಶನಿವಾರ ಟ್ರಕ್ ತರಬೇಡಿ. ನನಗೆಂದು ಖಾಲಿ ಮಾಡಿಸಿದ ಕೋಣೆಯನ್ನು ಮಗುವಿಗೆ ಕೊಡು, ಬೇಸರಪಡಬೇಡ. ನೀವಂತೂ ಬನ್ನಿ, ಊಟಕ್ಕೆ.